ಎಂಜಿನ್ ಫೋಟೋ ಸಾಕು, ಅವ್ವಾರ ಫೋಟೋ ತಗೀರಿ

ಸಿಂಧನೂರಿಗೆ ರೈಲ್ ಬಂದಾಗಿಂದ ನಮ್ ಕಡಿ ಎಲ್ಲಾರ ಫೋನಿನಾಗೂ ಎಂಜಿನ್ ಫೋಟೋನೇ ತುಂಬ್ಯಾವ. ತಗೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೊಗಿ ಬಂಡಿ ಕಣ್ಣಾರೆ ಕಂಡ ಅವ್ವಾರು, ಅತ್ತಿ, ದೊಡ್ಡವ್ವ ಇನ್ನಾ ಮನ್ಯಾಗ ಅದಾರ. ಅವರ್ದು ಯಾರೂ ತಗ್ಯಾಂಗಿಲ್ಲ. ನನ್ನ ತಕರಾರು ಇಷ್ಟೇ.

ಕೂಸಿಗೆ ಉಣ್ಣಸುವಾಗ ನಾವೆಲ್ಲಾ ಚುಕುಬುಕು ಅಂತೀವಿ. ಆ ಸಪ್ಪಳ ಕಲ್ಲಿದ್ದಲಿ ಎಂಜಿನ್‌ದು. ನೀರು ಕಾದು ಆದ ಉಗಿ ಪಿಸ್ಟನ್ ತಳ್ಳಿ, ಚಿಮಣ್ಯಾಗ ಹಾದು ಹೊರಗ ಬೀಳುವಾಗಿನ ಸಪ್ಪಳ. ಥಂಡಿ ಮುಂಜಾನಿ ಅದು ಹತ್ತಿ ರಾಶಿಯಂಗ ಬೆಳ್ಳಗ ಕಾಣತಿತ್ತು. ಈಗಿನ ರೈಲ್ ಹಂಗ ಅನ್ನಂಗಿಲ್ಲ, ಮಕ್ಕಳಿಗೆ ನಾವು ಹೇಳೂದು ಬರೇ ಬಾಯಿಮಾತು.

ಲೆಕ್ಕ ನೋಡ್ರಿ. ಮುಂಬೈ ಕಡಿ ಹಳಿ, ಮದ್ರಾಸ್ ಕಡಿ ಹಳಿ ರಾಯಚೂರಾಗ ಕೂಡಿದ್ದು 1871ರಾಗ. ಅದೇ ಜಿಲ್ಲಾದ ಸಿಂಧನೂರಿಗೆ ರೈಲ್ ಬಂದದ್ದು 2024ರ ಮಾರ್ಚಿನಾಗ. ನಡುವ 153 ವರ್ಷ! ಅಷ್ಟರಾಗ ದೊಡ್ಡ ಹಳಿ ಮ್ಯಾಲಿನ ಉಗಿ ಎಂಜಿನ್ 1995ಕ್ಕೇ ಮುಗದಿದ್ವು. ಅಂದ್ರ ನಮ್ ಊರಿಗೆ ಹೊಗಿ ಬಂಡಿ ಬರಲೇ ಇಲ್ಲ. ಬಂದದ್ದು ಅದರ ನೆನಪಷ್ಟೇ, ಅದೂ ರಾಯಚೂರು, ಗದಗ, ಗುಂತಕಲ್ ಕಡಿಂದ ಸೊಸಿಯಾಗಿ ಬಂದವರ ಕೂಡ. ಕಿಡಕ್ಯಾಗ ಮುಖ ಇಟ್ರ ಕಣ್ಣಾಗ ಕಲ್ಲಿದ್ದಲಿ ಕಿಡಿ ಬೀಳತಿತ್ತು ಅಂತ ಹೇಳೋರು ಅವರೇ.

"ಮುದುಕೇರ ಫೋಟೋ ಯಾರ ನೋಡ್ತಾರ" ಅಂತ ಅಂದೋರು ಅದಾರ. ಎಂಜಿನ್ ಫೋಟೋ ಹುಡುಕಿದ್ರ ಫೋನಿನಾಗ ಸಾವಿರ ಸಿಗ್ತಾವ. ನಿಮ್ಮವ್ವನ್ದು ನಿಮ್ ಮನ್ಯಾಗ ಬಿಟ್ರ ಎಲ್ಲೂ ಸಿಗಂಗಿಲ್ಲ. ಆಕಿನ್ನ ಸ್ಟೇಷನ್ನಿಗೆ ಕರಕೊಂಡು ಹೋಗ್ರಿ, ಸಿಂಧನೂರು ಅನ್ನೂ ಬೋರ್ಡಿನ ಬಾಜೂಕ ನಿಲ್ಲಸ್ರಿ, ಮಾತಾಡಿದ್ದು ರೆಕಾರ್ಡ್ ಮಾಡ್ರಿ.

ಹೆಸರು, ಊರು, ತಾರೀಖು ಬರದಿಡೂದು ಮರೀಬ್ಯಾಡ್ರಿ. ಮಸ್ಕಿ ಶಾಸನ 1915ರಾಗ ಸಿಕ್ಕಾಗ ಅಷ್ಟು ಸುದ್ದಿ ಯಾಕಾತು? ಬ್ಯಾರೆ ಕಡಿ ಶಾಸನದಾಗ ದೇವಾನಾಂಪ್ರಿಯ ಅಂತಷ್ಟೇ ಇತ್ತು, ಮಸ್ಕಿ ಕಲ್ಲಿನಾಗ ಅಶೋಕ ಅನ್ನೂ ಹೆಸರೇ ಇತ್ತು. ರಾಜಗೇ ಹೆಸರು ಇಲ್ದ ಗುರ್ತ ಸಿಗಲಿಲ್ಲ ಅಂದ್ರ, ನಮ್ಮ ಅವ್ವಾರ ಪಾಡೇನು?

ಇನ್ನೊಂದು ಮಾತು, ಕಟುವಾಗೇ ಹೇಳ್ತೀನಿ. ಹಳಿ ಮ್ಯಾಲ ನಿಂತು ಸೆಲ್ಫಿ ಬ್ಯಾಡೇ ಬ್ಯಾಡ. ರೈಲ್ವೆ ಕಾಯ್ದೆ 147ನೇ ಕಲಮಿನ ಪ್ರಕಾರ ಆರು ತಿಂಗಳ ತನಕ ಜೈಲು, ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಎರಡೂ ಆಗಬಹುದು. ದಂಡ ಕಟ್ಟಬಹುದು, ಹೋದ ಜೀವ ತರಾಕ ಬರಂಗಿಲ್ಲ. ಉಗಿ ಎಂಜಿನ್ ದೂರದಿಂದೇ ಸಪ್ಪಳ ಮಾಡತಿತ್ತು. ಈಗಿನ ರೈಲ್ ಬಂದ್ ನಿಂತ ಮ್ಯಾಲೇ ಗೊತ್ತಾಗೂದು. ಪ್ಲಾಟ್‌ಫಾರ್ಮಿನ್ಯಾಗ ಗೆರಿ ಒಳಗ ನಿಂತು ತಗೀರಿ, ಮಕ್ಕಳ ಕೈ ಬಿಡಬ್ಯಾಡ್ರಿ.

ಗದಗ–ವಾಡಿ ಹಳಿ 2025ರ ಮೇದಾಗ ಕುಷ್ಟಗಿ ತನಕ ಬಂತು. ಲಿಂಗಸೂಗೂರಿಗೂ ಇವತ್ತಲ್ಲ ನಾಳಿ ಬರ್ತೈತಿ. ಹಳಿಗೆ ನಾವು ಕಾಯಬಹುದು. ಎಂಬತ್ತು ದಾಟಿದ ಅವ್ವಗ ಕಾಯಿ ಅನ್ನಾಕ ಆಗತೈತೇನ್ರಿ? ಈ ಐತಾರನೇ ಕರಕೊಂಡು ಹೋಗ್ರಿ.