ಮೂರು ಸೆನ್ಸರ್, ಒಂದು ತಂತಿ

ಮೊನ್ನೆ ಮಳೆಯಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಿಂದ ವಿಕ್ರೋಳಿಗೆ ಇಳಿಯುವಷ್ಟರಲ್ಲಿ ಕಾರಿನ ಇಂಜಿನ್ ದೀಪ ಹೊತ್ತಿಕೊಂಡಿತು. ಆಕ್ಸಿಲರೇಟರ್ ಒತ್ತಿದರೂ ವೇಗ ಏರದು, ಹಿಂದೆ ಲಾರಿಗಳ ಹಾರ್ನು. ಜೀವ ಕೈಯಲ್ಲಿ ಹಿಡಿದು ಪಕ್ಕಕ್ಕೆ ತಂದೆ.

ಗ್ಯಾರೇಜಿನವನು ಸ್ಕ್ಯಾನರ್ ಹಚ್ಚಿ, "ಸಾಹೇಬ್, ಮೂರು ಸೆನ್ಸರ್ ಹೋಗಿವೆ, ಮೂರೂ ಬದಲಿಸಬೇಕು" ಅಂದ.

ನಾನು ಬಿಕಾಂ ಓದಿದವನು, ಇಂಜಿನ್ ವಿದ್ಯೆ ಗೊತ್ತಿಲ್ಲ. ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಲೆಡ್ಜರನ್ನೆಲ್ಲ ಹೊಸದಾಗಿ ಬರೆಯುವುದಿಲ್ಲ, ತಪ್ಪಿದ ಎಂಟ್ರಿ ಹುಡುಕುತ್ತೇವೆ. ಮೂರು ಸೆನ್ಸರ್ ಒಂದೇ ಗಳಿಗೆಯಲ್ಲಿ ಸಾಯುತ್ತವೆಯೇ?

ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಿಡಿಸಿ ಹೇಳಿದರು. ಇಂಜಿನ್ ಕಂಪ್ಯೂಟರ್ ಹಲವು ಸೆನ್ಸರುಗಳಿಗೆ ಒಂದೇ ಮೂಲದಿಂದ 5 ವೋಲ್ಟ್ ಕೊಡುತ್ತದೆ, ಚಾಳಿನ ಒಂದೇ ನೀರಿನ ಪೈಪಿನ ಹಾಗೆ. ಎಲ್ಲೋ ಒಂದು ಕಡೆ ಒಡೆದರೆ ಎಲ್ಲ ಖೋಲಿಗೂ ನೀರಿಲ್ಲ! ಅವರು ಮಲ್ಟಿಮೀಟರ್ ಹಿಡಿದು ಸೆನ್ಸರುಗಳ ಪ್ಲಗ್ ಒಂದೊಂದಾಗಿ ಕಳಚಿದರು. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಳ್ಳ. ಎಲ್ಲ ಕಳಚಿದರೂ ಮರಳಲಿಲ್ಲ. ಅಂದರೆ ದೋಷ ತಂತಿಯಲ್ಲಿ, ಇಲ್ಲವೇ ಕಂಪ್ಯೂಟರಿನಲ್ಲೇ. ಹುಡುಕಿದರೆ, ಇಲಿ ಕಡಿದ ತಂತಿಯೊಂದು ಕಬ್ಬಿಣಕ್ಕೆ ತಾಗಿತ್ತು.

ಸೆನ್ಸರ್ ಒಂದೂ ಕೊಳ್ಳಲಿಲ್ಲ. ತಂತಿ ಜೋಡಿಸಿ ಟೇಪ್ ಸುತ್ತಿದ್ದಷ್ಟೇ.

ನನ್ನ ಅಭಿಪ್ರಾಯ ಇಷ್ಟೇ: ಸ್ಕ್ಯಾನರಿನ ಕೋಡ್ ಬರೀ ದೂರು, ತೀರ್ಪಲ್ಲ. 2020ರ ಏಪ್ರಿಲ್‌ನಿಂದ ದೇಶವೆಲ್ಲ ಬಿಎಸ್-6 ಆಯಿತು, ಹೊಸ ಗಾಡಿಗಳಲ್ಲಿ ಸೆನ್ಸರುಗಳ ಸಂಸಾರವೂ ದೊಡ್ಡದು. ಹಾಗಾಗಿ ಬಿಲ್ಲಿಗೆ ಹೂಂ ಅನ್ನುವ ಮೊದಲು ಒಂದು ಮಾತು ಕೇಳಿ: "5 ವೋಲ್ಟ್ ಅಳೆದು ನೋಡಿದಿರಾ?" ಅಳೆಯದೆ ಬದಲಿಸುವವನಿಗೆ ಕೀಲಿಕೈ ಕೊಡಬೇಡಿ.