ಕಳೆದದ್ದು ಕಂಡಿತು, ಕೂಡಿದ್ದು ಕಾಣಲಿಲ್ಲ

ಕಳೆದ ತಿಂಗಳ ಒಂದು ಸಂಜೆ ನೆರೆಮನೆಯ ಅಕ್ಕನವರು ಮೊಬೈಲು ಹಿಡಿದು ಗಾಬರಿಯಿಂದ ನಮ್ಮ ಜಗಲಿಗೆ ಬಂದರು. ಮಗಳ ಕಾಲೇಜು ಶುಲ್ಕಕ್ಕೆಂದು ತಮ್ಮ ಖಾತೆಯಿಂದ ಅವಳ ಖಾತೆಗೆ 12,000 ರೂಪಾಯಿ ವರ್ಗಾಯಿಸಿದ್ದರು. ಎರಡೂ ಒಂದೇ ಬ್ಯಾಂಕಿನ ಖಾತೆಗಳು. “ಮಾಷ್ಟ್ರೇ, ನನ್ನದರಲ್ಲಿ ಕಳೆದಿದ್ದಾರೆ, ಅವಳದರಲ್ಲಿ ಕೂಡಿಸಿಲ್ಲ. ನಾಳೆಯೇ ಫೀಸಿನ ಕಡೆಯ ದಿನ” ಎಂದರು. ನೋಡಿದರೆ ಹಾಗೆಯೇ ಇತ್ತು. ಮರುದಿನ ಶಾಖೆಯಲ್ಲಿ ವಿಚಾರಿಸಿದಾಗ, ಹಣವು ಹಿಂದಿನ ಸಂಜೆಯೇ ಸೇರಿತ್ತೆಂದು ತಿಳಿಯಿತು. ಆ ತಾಯಿ ನಿದ್ರೆಗೆಟ್ಟ ರಾತ್ರಿ ಮಾತ್ರ ಯಾವ ಖಾತೆಗೂ ಜಮೆಯಾಗಲಿಲ್ಲ.

ಇದು ಹೇಗೆ ಸಾಧ್ಯವೆಂದು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕೇಳಿದೆ. ಆ ಬ್ಯಾಂಕಿನ ಒಳಗಿನದನ್ನು ತಾನು ಕಂಡಿಲ್ಲವೆಂದೂ, ಇಂಥ ಕಡೆ ಸಾಮಾನ್ಯವಾಗಿ ಹೀಗಾಗುತ್ತದೆಂದೂ ಅವನು ವಿವರಿಸಿದ.

ಮೂಲ ಲೆಕ್ಕದಲ್ಲಿ ಕಳೆಯುವುದೂ ಕೂಡುವುದೂ ಸೇರಿ ಒಂದೇ ವ್ಯವಹಾರ. ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಈ ಶಿಸ್ತಿಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆದರೆ ನಮ್ಮ ಮೊಬೈಲಿಗೆ ಕಾಣುವುದು ಅನೇಕ ಕಡೆ ಮೂಲವಲ್ಲ, ಅದರ ನಕಲು. ಮೂಲದ ಬದಲಾವಣೆಗಳು ಸಾಲುಸಾಲಾಗಿ ಬೇರೆ ಬೇರೆ ಕಾಲುವೆಗಳಲ್ಲಿ ಹರಿದು ಬಂದು ನಕಲಿನಲ್ಲಿ ಜೋಡಣೆಯಾಗುತ್ತವೆ. ಒಂದು ಕಾಲುವೆ ಬೇಗ, ಇನ್ನೊಂದು ತಡ. ದಾರಿಯಲ್ಲಿ ವ್ಯವಹಾರದ ಎಲ್ಲೆ ಅಳಿಸಿಹೋದರೆ, ಮೂಲದಲ್ಲಿ ಎಂದೂ ಅರ್ಧವಾಗಿರದಿದ್ದ ಲೆಕ್ಕವು ಇಲ್ಲಿ ಅರ್ಧವಾಗಿ ತೋರುತ್ತದೆ.

ಪರಿಹಾರವನ್ನು ಕೇಳಿದಾಗ ನನಗೆ ನಮ್ಮ ಶಾಲೆಯ ಬೇಕಲ ಕೋಟೆಯ ಪ್ರವಾಸ ನೆನಪಾಯಿತು. ಎರಡು ಬಸ್ಸುಗಳಲ್ಲಿ 87 ಮಕ್ಕಳು. ಒಂದರಲ್ಲಿ 45, ಇನ್ನೊಂದರಲ್ಲಿ 42. ಹೊರಡುವಾಗಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅಷ್ಟೂ ತಲೆ ಎಣಿಸುವ ತನಕ ಊಟದ ಎಲೆ ಹಾಕಿಸಲಿಲ್ಲ. ಬದಲಾವಣೆಗಳನ್ನು ಸಾಗಿಸುವ ಡೆಬೀಜಿಯಂ ಎಂಬ ಸಾಧನದಲ್ಲಿಯೂ ಇಂಥ ಚೀಟಿಯ ಏರ್ಪಾಡಿದೆ. ಪ್ರತಿ ಸಾಲಿನ ಜೊತೆಗೆ ವ್ಯವಹಾರದ ಗುರುತೂ ಅದರೊಳಗಿನ ಕ್ರಮಸಂಖ್ಯೆಯೂ ಬರುತ್ತವೆ. ಮುಕ್ತಾಯದ ಸೂಚನೆಯಲ್ಲಿ ಒಟ್ಟು ಸಾಲುಗಳೆಷ್ಟು, ಯಾವ ಪಟ್ಟಿಯಿಂದ ಎಷ್ಟು ಎಂಬುದಿರುತ್ತದೆ. ಚೀಟಿ ಬೇರೊಂದು ಕಾಲುವೆಯಲ್ಲಿ ಬರುವುದರಿಂದ ಮಕ್ಕಳಿಗಿಂತ ಮೊದಲೇ ತಲುಪುವುದೂ ಉಂಟು. ಆದುದರಿಂದ ಮುಗಿಯಿತೆಂಬ ಸೂಚನೆಯನ್ನು ಕಂಡೊಡನೆ ಜೋಡಿಸಬಾರದು; ಎಣಿಕೆ ತುಂಬಬೇಕು. ಒಬ್ಬನೇ ಹುಡುಗ ಎರಡು ಸಲ ಸಾಲಿಗೆ ನಿಲ್ಲುವಂತೆ ಒಂದೇ ಸಾಲು ಎರಡು ಬಾರಿ ಬರುವುದೂ ಇದೆ. ಅದನ್ನು ಕ್ರಮಸಂಖ್ಯೆಯಿಂದ ಹಿಡಿಯಬಹುದು.

ಇದಕ್ಕೆ ಬೆಲೆಯೂ ಉಂಟು. ಎಲ್ಲ ಸೇರುವವರೆಗೆ ಬಂದ ಸಾಲುಗಳನ್ನು ತಡೆದಿಟ್ಟುಕೊಳ್ಳಲು ಸ್ಥಳ ಬೇಕು, ಲೆಕ್ಕ ತೋರುವುದೂ ತಡವಾಗುತ್ತದೆ. ಬೇಗ ತೋರಿಸುವ ಆತುರದಲ್ಲಿ ಕೆಲವರು ಇದನ್ನು ಕೈಬಿಡುತ್ತಾರಂತೆ. ಹವಾಮಾನದ ವರದಿಗೆ ಅದು ನಡೆದೀತು. ಹಣದ ಲೆಕ್ಕಕ್ಕೆ ಸಲ್ಲದೆಂಬುದು ನನ್ನ ಅಭಿಪ್ರಾಯ.

ಅಕ್ಕನವರಿಗೆ ಇದನ್ನೆಲ್ಲ ತಿಳಿಸಿದೆ. “ಎರಡನ್ನೂ ಒಟ್ಟಿಗೇ ತೋರಿಸುವುದಾಗಿದ್ದರೆ ಬೆಳಗಿನವರೆಗೂ ಸುಮ್ಮನೆ ಕಾಯುತ್ತಿದ್ದೆ, ಮಾಷ್ಟ್ರೇ” ಎಂದರು.