ಸಣ್ಣ ಲೆಕ್ಕ – 7: ನಾಮಕರಣಕ್ಕೆ ಏನು ಗಿಫ್ಟ್ ತಗೊಂಡು ಹೋಗ್ತೀರಾ?

ಇದು ಅಮ್ಮಂದಿರ ವಿಷಯ, ನಮಗ್ಯಾಕೆ ಅಂತ ಸ್ಕ್ರೋಲ್ ಮಾಡ್ಬೇಡಿ. ಅಕ್ಕನಿಗೋ ಅತ್ತಿಗೆಗೋ ಮಗು ಆಗಿರುತ್ತೆ, ನಾಮಕರಣಕ್ಕೆ ಕರೀತಾರೆ. ಕಸಿನ್ಸ್ ಎಲ್ಲ ತಲೆಗೆ ನೂರೋ ಇನ್ನೂರೋ ಹಾಕಿ ದೊಡ್ಡದೊಂದು ಡಬ್ಬ ಹೊತ್ಕೊಂಡು ಹೋಗ್ತೀವಿ. ಚಿಕ್ಕಬಳ್ಳಾಪುರ ಆಗಲಿ, ಚಿಂತಾಮಣಿ ಆಗಲಿ, ಡಬ್ಬದೊಳಗೆ ಇರೋದು ಒಂದೇ: ಲೈಟ್ ಮಿನುಗಿಸಿ ಎಬಿಸಿಡಿ ಹಾಡೋ ಬ್ಯಾಟರಿ ಆಟಿಕೆ. ನನ್ನ ಮಾತು ಇಷ್ಟೇ. ವರ್ಷ ತುಂಬದ ಮಗುವಿಗೆ ಅದು ಬೇಡ.

ಮೊದಲು ನಮ್ಮ ಬಿಕಾಂ ಲೆಕ್ಕ. ಈ ವ್ಯಾಪಾರದಲ್ಲಿ ಕೊಳ್ಳೋರು ಬೇರೆ, ಬಳಸೋರು ಬೇರೆ. ಬಳಸೋ ಗಿರಾಕಿಗೆ ಮಾತು ಬರಲ್ಲ, ರಿವ್ಯೂ ಬರೆಯಲ್ಲ. ಹಾಗಾಗಿ ಕಂಪನಿಗಳು ಡಬ್ಬ ಮಾಡೋದು ನಮ್ಮ ಕಣ್ಣಿಗೆ. ಅದರ ಮೇಲೆ ‘ಬುದ್ಧಿ ಬೆಳೆಯುತ್ತೆ’ ಅಂತ ಒಂದು ಸಾಲು ಇದ್ರೆ ಸಾಕು, ಅಪ್ಪ ಅಮ್ಮನ ಭಯ ಜೇಬಿಗೆ ಕೈ ಹಾಕಿಸುತ್ತೆ. ನಾವೂ ಅಷ್ಟೇ, ಮಗುವಿಗಿಂತ ಹೆಚ್ಚಾಗಿ ಹಾಲ್‌ನಲ್ಲಿ ಕೂತಿರೋ ನೆಂಟರಿಗೆ ಅಂತ ತಗೋತೀವಿ.

ಹಾಗಾದ್ರೆ ಮಗುವಿಗೆ ಏನು ಬೇಕು?

ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣೋದು ಸುಮಾರು 20–30 ಸೆಂ.ಮೀ. ದೂರ ಮಾತ್ರ. ಅಂದ್ರೆ ಎತ್ಕೊಂಡವರ ಮುಖದಷ್ಟು ದೂರ. ಅದಕ್ಕೆ ಆಗ ಮುಖಾನೇ ಆಟಿಕೆ. ಮೂರು ನಾಲ್ಕು ತಿಂಗಳಿಗೆ ಕೈ ಹಿಡಿಯೋಕೆ ಶುರು ಮಾಡುತ್ತೆ, ಆಗ ಹಗುರವಾದ ಒಂದು ಗಿಲಕಿ. ಆರು ತಿಂಗಳ ಹೊತ್ತಿಗೆ ಎಲ್ಲಾ ಬಾಯಿಗೆ ಹೋಗುತ್ತೆ, ಈ ಕೈಯಿಂದ ಆ ಕೈಗೆ ದಾಟುತ್ತೆ. ಆಗ ಕಚ್ಚೋಕೆ, ತಿರುಗಿಸೋಕೆ ಆಗೋ ದೊಡ್ಡ ಬಳೆಯಂಥದ್ದು ಸಾಕು. ಒಂಬತ್ತು ತಿಂಗಳಿಗೆ ಸೆರಗಿನ ಹಿಂದೆ ಮುಖ ಮುಚ್ಚಿ ‘ಬೂ’ ಅಂದ್ರೆ ಕಿಲಕಿಲ ನಗುತ್ತೆ. ಕಾಣದೇ ಹೋದದ್ದು ಇಲ್ಲವಾಗಿಲ್ಲ ಅನ್ನೋದು ಅದಕ್ಕೆ ಅರ್ಥ ಆಗ್ತಿರೋ ಕಾಲ ಅದು. ವರ್ಷದ ಹತ್ತಿರ ಬಂದ್ರೆ ಸ್ಟೀಲ್ ಡಬ್ಬಿ, ಲೋಟ, ಮುಚ್ಚಳ. ಹಾಕು, ತೆಗಿ, ಬೀಳಿಸು. ಇಡೀ ಮಧ್ಯಾಹ್ನ ಕಳೀಬಹುದು.

ಗಮನಿಸಿ, ಇದರಲ್ಲೆಲ್ಲ ಕೆಲಸ ಮಾಡ್ತಿರೋದು ಮಗು. ಬ್ಯಾಟರಿ ಆಟಿಕೆಯಲ್ಲಿ ಕೆಲಸ ಮಾಡೋದು ಆಟಿಕೆ, ಮಗು ಬರೀ ಪ್ರೇಕ್ಷಕ. ದೊಡ್ಡವರೂ ಸುಮ್ಮನಾಗ್ತಾರೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 10ರಿಂದ 16 ತಿಂಗಳ ಮಕ್ಕಳಿದ್ದ 26 ಮನೆಗಳನ್ನ ನೋಡಿದಾಗ, ಶಬ್ದ ಮಾಡೋ ಆಟಿಕೆ ಇದ್ದಾಗ ಅಪ್ಪ ಅಮ್ಮ ಆಡೋ ಮಾತು ಪುಸ್ತಕ, ಬ್ಲಾಕ್ಸ್ ಇದ್ದಾಗಿನಕ್ಕಿಂತ ಕಮ್ಮಿ ಇತ್ತು. ಸಣ್ಣ ಅಧ್ಯಯನ, ಆದ್ರೆ ನಮ್ಮನೆಗಳಲ್ಲೂ ಕಾಣೋ ವಿಷಯವೇ. ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಆಡಿಸೋ ಮಾತಿಗೆ ಯಾವ ಎಬಿಸಿಡಿ ಹಾಡೂ ಸಮ ಅಲ್ಲ.

‘ಮನೇಲಿ ಕೂತು ಆಡಿಸೋಕೆ ಯಾರಿಗಿದೆ ಟೈಮು?’ ಅಂತೀರಾ. ನ್ಯಾಯವಾದ ಪ್ರಶ್ನೆ. ಶಿಡ್ಲಘಟ್ಟದ ಕಡೆ ಹುಳು ಸಾಕೋ ಮನೆಗಳಲ್ಲಿ ಸೊಪ್ಪು ಹಾಕೋ ಹೊತ್ತಿಗೆ ಹಾಕಲೇಬೇಕು, ಹುಳು ಕಾಯಲ್ಲ. ಅದಕ್ಕೇ ಕೈಗೆ ಮೊಬೈಲ್ ಬರುತ್ತೆ. ಆದ್ರೆ ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ ಅಂತ ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಕಣ್ಣಿಗೆ ಕಾಣೋ ಜಾಗದಲ್ಲಿ ಚಾಪೆ, ಮೂರು ಲೋಟ, ಒಂದು ಮುಚ್ಚಳ. ಖರ್ಚು ಸೊನ್ನೆ. ಆಶಾ ಅಕ್ಕ ಮನೆಗೆ ಬಂದಾಗ ಯಾವ ತಿಂಗಳಿಗೆ ಏನು ಆಡಿಸಬೇಕು ಅಂತ ಕೇಳಿ. ತಾಯಿ ಕಾರ್ಡ್‌ನಲ್ಲೂ ಇದರ ಚಿತ್ರಗಳಿವೆ, ಚುಚ್ಚುಮದ್ದಿನ ಪುಟ ಬಿಟ್ಟು ಬೇರೆ ಪುಟ ಯಾರೂ ತೆರೆಯಲ್ಲ ಅಷ್ಟೇ.

ಕೊಂಡೇ ಕೊಡ್ಬೇಕು ಅಂದ್ರೆ ನಮ್ಮದೇ ಚನ್ನಪಟ್ಟಣ ಇದೆ. ಆಲೆ ಮರ, ಅದರ ಮೇಲೆ ಅರಗಿನ ಬಣ್ಣ. ತಿರುಗೋ ಮರಕ್ಕೆ ಅರಗು ಒತ್ತಿದ್ರೆ ಉಜ್ಜಾಟದ ಬಿಸಿಗೇ ಕರಗಿ ಮೆತ್ತಿಕೊಳ್ಳುತ್ತೆ. ಆದ್ರೆ ಹೆಸರು ನೋಡಿ ಮೋಸ ಹೋಗ್ಬೇಡಿ, ಯಾವ ಬಣ್ಣ ಅಂತ ಅಂಗಡಿಯವರನ್ನ ಕೇಳಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ ಮತ್ತು ಜಿಐ ಆಟಿಕೆಗೆ ಮಾತ್ರ ವಿನಾಯಿತಿ. ನಂದಿ ಜಾತ್ರೆ, ವಿದುರಾಶ್ವತ್ಥದ ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರೋ ಪ್ಲಾಸ್ಟಿಕ್ ಪೀಪಿ ತಗೊಳ್ಳೋಕೆ ಮುಂಚೆ ಇದು ನೆನಪಿರಲಿ. ಪ್ಲಾಸ್ಟಿಕ್ ಎಲ್ಲಾ ಕೆಟ್ಟದ್ದಲ್ಲ. ಒಂದರೊಳಗೊಂದು ಕೂರೋ ಗಟ್ಟಿ ಕಪ್‌ಗಳು ಒಳ್ಳೇ ಆಟಿಕೆ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ:

1. ಇಡೀ ಆಟಿಕೆಯಾಗಲಿ, ಕಿತ್ತು ಬರೋ ಕಣ್ಣು, ಗುಂಡಿ, ಚಕ್ರವಾಗಲಿ ಮಗುವಿನ ಬಾಯೊಳಗೆ ಹೋಗೋ ಅಷ್ಟು ಚಿಕ್ಕದಾ? ಬಿಡಿ.
2. ಉದ್ದ ದಾರ ಇದೆಯಾ? ಬಿಡಿ.
3. ಬಟನ್ ಬ್ಯಾಟರಿ ಇದೆಯಾ? ಖಂಡಿತ ಬಿಡಿ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ 2 ಗಂಟೆಯೊಳಗೇ ಸುಟ್ಟು ಗಾಯ ಮಾಡಬಲ್ಲದು. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಕಾಯದೆ ಆಸ್ಪತ್ರೆಗೆ ಓಡಬೇಕು.
4. ಒಳಗೆ ಕೂರಿಸಿ ಓಡಾಡಿಸೋ ವಾಕರ್ರಾ? ಕೆನಡಾ ಅದನ್ನ 2004ರಲ್ಲೇ ನಿಷೇಧ ಮಾಡಿದೆ. ನಿಂತು ತಳ್ಳೋ ಮರದ ಮೂರು ಚಕ್ರದ ಗಾಡಿ ಬೇರೆ, ಇದು ಬೇರೆ.

ದೊಡ್ಡ ಡಬ್ಬ ಇಲ್ದೆ ಹೋದ್ರೆ ಮರ್ಯಾದೆ ಹೋಗುತ್ತೆ ಅನ್ಸಿದ್ರೆ ಹೀಗೆ ಮಾಡಿ. ಒಂದು ಮರದ ಗಿಲಕಿ, ಒಂದು ಬಟ್ಟೆ ಪುಸ್ತಕ, ಉಳಿದ ದುಡ್ಡು ಕವರ್‌ನಲ್ಲಿ ಅಕ್ಕನ ಕೈಗೆ. ಬಾಣಂತಿಗೆ ಅದರ ಅವಶ್ಯಕತೆ ಇರುತ್ತೆ. ಆಮೇಲೆ ಫೋಟೋ ತೆಗೆಸ್ಕೊಂಡು ಓಡಿ ಬರ್ಬೇಡಿ. ಅರ್ಧ ಗಂಟೆ ಮಗು ಎತ್ಕೊಳ್ಳಿ, ಅಕ್ಕ ಕೂತು ಬಿಸಿ ಬಿಸಿ ಊಟ ಮಾಡ್ಲಿ.

ಈ ತಿಂಗಳು ನಾಮಕರಣಕ್ಕೆ ಹೋಗೋರು ಇದ್ರೆ ಗ್ರೂಪ್‌ನಲ್ಲಿ ದುಡ್ಡು ಸೇರಿಸೋ ಮುಂಚೆ ಇದನ್ನ ಕಳಿಸಿ. ನಿಮ್ಮನೇಲಿ ಮಗು ಯಾವ ಪಾತ್ರೆ ಬಡಿದು ಬಡಿದು ಸೊಟ್ಟ ಮಾಡಿದೆ ಅಂತ ಕಾಮೆಂಟ್‌ನಲ್ಲಿ ಹೇಳಿ.

#ಸಣ್ಣಲೆಕ್ಕ #ಚಿಕ್ಕಬಳ್ಳಾಪುರ #ಗಿಲಕಿ